ಗ್ಲೆನ್ನಾಳ ಕೋಟಿನ ಬಲಜೇಬು

ಜೇಬಿನಲ್ಲಿ ಹಿಡಿಸುವಂಥ ಸಣ್ಣ ಬಂದೂಕು ಬೇಕು, ಬೆಲೆ ಜಾಸ್ತಿ ಇರಬಾರದು ಅಂತ ಕೇಳಿಕೊಂಡು ಬರುವವರು ನಮ್ಮ ಅಂಗಡಿಗೆ ವಾರಕ್ಕೆ ನಾಲ್ಕು ಜನವಾದರೂ ಇರುತ್ತಾರೆ. ಅಂಗಡಿ ಹೋಬರ್ಟನದು. ಮುಂದಿನ ಅರ್ಧ ಗಿರವಿಗೆ ಬಂದ ಗಿಟಾರು, ಗರಗಸ, ಮದುವೆಯ ಉಂಗುರ; ಹಿಂದಿನ ಅರ್ಧ ಬಂದೂಕು. ನಾನು ಹಿಂದಿನ ಅರ್ಧದವಳು. ಇಪ್ಪತ್ತೆರಡು ವರ್ಷದಿಂದ ಅದೇ ಗಾಜಿನ ಪೆಟ್ಟಿಗೆಯ ಹಿಂದೆ ನಿಂತಿದ್ದೇನೆ. ಯಾವ ಶಾಲೆಯೂ ನನಗೆ ಈ ಕೆಲಸ ಕಲಿಸಲಿಲ್ಲ. ಜನರ ಕೈ ನೋಡುತ್ತ ನೋಡುತ್ತ ಕಲಿತೆ.

ನನ್ನದೊಂದು ಪದ್ಧತಿ ಇದೆ. ಜೇಬಿಗೆ ಬಂದೂಕು ಬೇಕೆಂದವರಿಗೆ, ನೀವು ದಿನಾ ಹಾಕಿಕೊಳ್ಳುವ ಬಟ್ಟೆಯಲ್ಲೇ ಬನ್ನಿ ಅನ್ನುತ್ತೇನೆ. ಚರ್ಚಿಗೆ ಹೋಗುವ ಬಟ್ಟೆಯಲ್ಲಿ ಬಂದರೆ ವಾಪಸು ಕಳಿಸುತ್ತೇನೆ. ಗುಂಡಿಲ್ಲದ ಬಂದೂಕನ್ನು ಅವರದೇ ಜೇಬಿಗೆ ಹಾಕಿಸಿ, ಸ್ಟೂಲಿನ ಮೇಲೆ ಕೂರಿಸಿ, ಬಗ್ಗಿ ಬೂಟಿನ ದಾರ ಕಟ್ಟಿಸಿ, ಬಾಗಿಲವರೆಗೆ ನಡೆಸಿ ವಾಪಸು ಕರೆಯುತ್ತೇನೆ. ಆಮೇಲೆ ತೆಗೆಯಿರಿ ಅನ್ನುತ್ತೇನೆ. ಅರ್ಧ ಜನರದು ಜೇಬಿನ ಅಂಚಿಗೇ ಸಿಕ್ಕಿಹಾಕಿಕೊಳ್ಳುತ್ತದೆ. ತೆಗೆದವರು ಟ್ರಿಗರನ್ನು ಹತ್ತು ಸಲ ಎಳೆಯಬೇಕು. ಮೊದಲ ಮೂರು ಸಲ ಎಲ್ಲರೂ ಶೂರರೇ. ಕೈಯ ನಿಜ ಗೊತ್ತಾಗುವುದು ಎಂಟರಿಂದ ಮುಂದೆ.

ಈ ಪರೀಕ್ಷೆ ನೋಡುವುದಕ್ಕೆಂದೇ ಅರ್ಲಿಸ್ ದಿನಾ ಬರುತ್ತಾನೆ. ಕಲ್ಲಿದ್ದಲ ಗಣಿಯಿಂದ ನಿವೃತ್ತನಾದವನು. ಕಾಫಿ ಪಾತ್ರೆಯ ಪಕ್ಕದ ಕುರ್ಚಿ ಅವನದು. ಹನ್ನೊಂದು ವರ್ಷದಲ್ಲಿ ಒಂದು ಗುಂಡೂ ಕೊಂಡವನಲ್ಲ. ಅಭಿಪ್ರಾಯ ಮಾತ್ರ ಬಂದವರಿಗೆಲ್ಲ ಪುಕ್ಕಟೆ.

ಗ್ಲೆನ್ನಾ ಬಂದದ್ದು ಅಕ್ಟೋಬರ್ ನಡುವಿನ ಒಂದು ಮಂಗಳವಾರ. ನಾವಿಬ್ಬರೂ ಒಂದೇ ಶಾಲೆಯ ಬಸ್ಸಿನಲ್ಲಿ ಹನ್ನೆರಡು ವರ್ಷ ಹೋದವರು, ಒಬ್ಬರ ತಲೆಯ ಹೇನು ಇನ್ನೊಬ್ಬರಿಗೆ ಹತ್ತಿಸಿಕೊಂಡವರು. ಅವಳದು ಮನೆಮನೆಗೆ ಹೋಗಿ ಹಾಸಿಗೆ ಹಿಡಿದ ಮುದುಕರನ್ನು ನೋಡಿಕೊಳ್ಳುವ ಕೆಲಸ. ಮಗ್ಗುಲು ಬದಲಿಸುವುದು, ಸ್ನಾನ ಮಾಡಿಸುವುದು, ಗಂಜಿ ಕುಡಿಸುವುದು. ಮೂವತ್ತು ವರ್ಷ ಊರಿನ ಅಪ್ಪಂದಿರನ್ನೆಲ್ಲ ಎತ್ತಿ ಎತ್ತಿ ಅವಳ ಹೆಬ್ಬೆರಳ ಬುಡದ ಕೀಲು ಶುಂಠಿ ಕೊಂಬಿನ ಹಾಗೆ ಊದಿಕೊಂಡಿತ್ತು.

ಅವತ್ತು ಬಿಸಿಲಿತ್ತು. ಆದರೂ ಅವಳು ದಪ್ಪ ಕ್ಯಾನ್ವಾಸಿನ ಕಂದು ಕೋಟು ಹಾಕಿಕೊಂಡು ಬೆವರುತ್ತ ನಿಂತಿದ್ದಳು. ದಿನಾ ಹಾಕುವುದರಲ್ಲೇ ಬಾ ಅಂತ ಫೋನಿನಲ್ಲಿ ಹೇಳಿದ್ದವಳು ನಾನೇ. ಆ ಕೋಟು ನನಗೆ ಚೆನ್ನಾಗಿ ಗೊತ್ತು. ಸತ್ತುಹೋದ ಅವಳ ಗಂಡ ವರ್ಜಿಲನದು. ಅವನು ಹೋದಮೇಲೆ ಹಿಂಬಾಗಿಲ ಪಕ್ಕದ ಮೊಳೆಗೆ ಸೇರಿತು. ನಮ್ಮ ಬೆಟ್ಟದ ಕಡೆ ಯಾವ ಮನೆಗೆ ಹೋದರೂ ಹಿಂಬಾಗಿಲಲ್ಲಿ ಅಂಥದ್ದೊಂದು ಕೋಟು ಇರುತ್ತದೆ. ನಾಯಿಗೆ ಅನ್ನ ಹಾಕುವುದಕ್ಕೋ, ಸೌದೆ ತರುವುದಕ್ಕೋ ಯಾರು ಹೊರಗೆ ಹೋಗುತ್ತಾರೋ ಅವರು ಅದನ್ನು ಏರಿಸಿಕೊಂಡು ಹೋಗುತ್ತಾರೆ. ಬಂದ ನೆಂಟರೂ ಏರಿಸುತ್ತಾರೆ. ಅದು ಮನೆಯಲ್ಲಿ ಯಾರದೂ ಅಲ್ಲ, ಬಾಗಿಲಿನದು.

ಬಂದೂಕು ಯಾಕೆ ಅಂತ ನಾನು ಕೇಳಲಿಲ್ಲ, ಊರಿಗೇ ಗೊತ್ತಿತ್ತು. ಮಗಳು ಟೆಸ್ಸಾಳ ದವಡೆಯನ್ನು ಅವಳ ಗಂಡ ಜಾರೆಡ್ ಜೂನ್‌ನಲ್ಲಿ ಮುರಿದಿದ್ದ. ಅವನು ಕೌಂಟಿ ಜೈಲಿನಲ್ಲಿದ್ದ, ಅವಳು ತಾಯಿಯ ಮನೆಯಲ್ಲಿದ್ದಳು. ನವೆಂಬರ್ ಒಂದಕ್ಕೆ ಅವನ ಬಿಡುಗಡೆ. ಮನೆಯಿಂದ ಐನೂರು ಅಡಿ ದೂರ ಇರಬೇಕು ಅಂತ ನ್ಯಾಯಾಧೀಶರು ಕಾಗದ ಬರೆದುಕೊಟ್ಟಿದ್ದರು. ಗ್ಲೆನ್ನಾ ಆ ಕಾಗದವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು. ಅದು ಎದ್ದು ಬಂದು ಅವನನ್ನು ತಡೆಯುತ್ತದೆಯೇ ಅಂತ ಯಾರನ್ನೂ ಕೇಳುವ ಹಾಗಿರಲಿಲ್ಲ.

ಟೆಸ್ಸಾ ತಾನೇ ಬಂದು ಬಂದೂಕು ಕೊಳ್ಳುವಂತಿರಲಿಲ್ಲ. ಐದು ವರ್ಷದ ಹಿಂದೆ ಅವಳ ಪರ್ಸಿನಲ್ಲಿ ಪೊಲೀಸರಿಗೆ ನಶೆಯ ಮಾತ್ರೆ ಸಿಕ್ಕಿದ್ದವು. ಮಾತ್ರೆ ಜಾರೆಡ್‌ನವು, ಪರ್ಸು ಇವಳದು. ಕೇಸು ಪರ್ಸಿನ ಮೇಲೆ ಬಿತ್ತು. ಅಂಥ ಶಿಕ್ಷೆಯಾದವರು ಬಂದೂಕು ಕೊಳ್ಳುವುದಿರಲಿ, ಮುಟ್ಟುವುದೂ ಅಪರಾಧ.

ಮೊದಲು ಗ್ಲೆನ್ನಾ ಪೆಟ್ಟಿಗೆಯಲ್ಲಿದ್ದ ಅತಿ ಸಣ್ಣ ಪಿಸ್ತೂಲು ತೋರಿಸಿದಳು. ಅಂಗೈ ಅಗಲದ್ದು. ಅದಕ್ಕೆ ಗುಂಡು ಏರಿಸಬೇಕಾದರೆ ಮೇಲಿನ ಸ್ಲೈಡನ್ನು ಹಿಂದಕ್ಕೆ ಎಳೆಯಬೇಕು. ಸಣ್ಣದಾದಷ್ಟೂ ಒಳಗಿನ ಸ್ಪ್ರಿಂಗು ಬಿಗಿ. ಅವಳು ಎಳೆದಳು, ಕೋಟಿಗೆ ಕೈ ಒರೆಸಿಕೊಂಡು ಮತ್ತೆ ಎಳೆದಳು. ಅದು ಅಲುಗಲಿಲ್ಲ.

ಅರ್ಲಿಸ್‌ಗೆ ತಡೆಯಲಾಗಲಿಲ್ಲ. "ಹೆಂಗಸರ ಕೈಗೆ ಪುಟಾಣಿ ರಿವಾಲ್ವರೇ ಸರಿ ಕಣಮ್ಮ. ಲಿಪ್‌ಸ್ಟಿಕ್ ಪಕ್ಕ ಮಲಗಿಸ್ಕೋಬಹುದು," ಅಂದ.

"ಅರ್ಲಿಸ್, ನಿನ್ನ ಕಾಫಿ ಆರ್ತಾ ಇದೆ," ಅಂದೆ.

ಇದು ನಮ್ಮ ಗಂಡಸರ ಹಳೆಯ ತಪ್ಪು. ಸಣ್ಣ ಹೆಂಗಸಿಗೆ ಸಣ್ಣ ಬಂದೂಕು ಅಂತ ಹೆಂಡತಿ, ಮಗಳು, ಅತ್ತೆ ಎಲ್ಲರಿಗೂ ಕ್ರಿಸ್‌ಮಸ್‌ಗೆ ತಂದು ಕೊಡುತ್ತಾರೆ. ಹಗುರ ಬಂದೂಕು ಹಾರಿದರೆ ಕೈಗೆ ಕತ್ತೆ ಒದ್ದ ಹಾಗೆ ಒದೆಯುತ್ತದೆ. ಸಣ್ಣ ರಿವಾಲ್ವರಿನ ಟ್ರಿಗರೋ, ತುಕ್ಕು ಹಿಡಿದ ನಲ್ಲಿಯಷ್ಟು ಗಟ್ಟಿ. ಸೋತ ಕೈಗೆ ಸ್ವಲ್ಪ ದೊಡ್ಡದು, ಸ್ವಲ್ಪ ಭಾರದ್ದು, ಮೆತ್ತಗೆ ಕೆಲಸ ಮಾಡುವಂಥದ್ದು ಬೇಕು. ಅಂಥದ್ದೊಂದು ನನ್ನ ಹತ್ತಿರ ಇತ್ತು. ಸಣ್ಣ ಗುಂಡಿನ ಪಿಸ್ತೂಲು, ಒಮ್ಮೆ ಕೈ ಬದಲಾದದ್ದು, ಅವಳು ತಂದಿದ್ದ ಮುನ್ನೂರು ಡಾಲರಿನೊಳಗೇ ಬರುತ್ತಿತ್ತು. ಸ್ಲೈಡು ಬೆಣ್ಣೆಯ ಹಾಗೆ ಸರಿಯಿತು. ಟ್ರಿಗರನ್ನು ಹತ್ತು ಸಲ ಎಳೆದಳು, ಮುಖ ಕಿವುಚಲಿಲ್ಲ. ನನಗೆ ಎಷ್ಟು ಸಂತೋಷವಾಯಿತೆಂದರೆ ಬೆಲೆಯಲ್ಲಿ ಹದಿನೈದು ಡಾಲರು ನಾನಾಗಿಯೇ ಇಳಿಸಿದೆ.

ಗ್ಲೆನ್ನಾ ಅದನ್ನು ಕೋಟಿನ ಬಲಜೇಬಿಗೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಳು. ಹಿಡಿ ಒಂದಿಷ್ಟು ಹೊರಗೆ ಉಬ್ಬಿತ್ತು. ಇದು ಬೇಡ, ಕಾಣುತ್ತೆ ಅಂದಳು.

"ಯಾರಿಗೆ ಕಾಣುತ್ತೆ ಕಣೇ? ನಿನ್ನ ಮುದುಕರಿಗೆ ಗೋಡೇನೇ ಕಾಣಲ್ಲ."

"ಕಾಣೋನಿಗೆ ಕಾಣುತ್ತೆ," ಅಂದಳು.

ಆಮೇಲೆ ಅರ್ಲಿಸ್ ಹೇಳಿದ್ದನ್ನೇ ತೋರಿಸಿದಳು. ಐದು ಗುಂಡಿನ ಮೊಂಡು ರಿವಾಲ್ವರು. ಜೇಬಿಗೆ ಹಾಕಿದರೆ ಕೈಗವಸು ಇಟ್ಟ ಹಾಗೆ ಮಾಯವಾಯಿತು. ಕೂತಳು, ಬಗ್ಗಿದಳು, ನಡೆದಳು, ತೆಗೆದಳು. ಎಲ್ಲೂ ಸಿಕ್ಕಲಿಲ್ಲ. ಟ್ರಿಗರ್ ಎಳಿ ಅಂದೆ. ಎಳೆದಳು. ಅದು ಅರ್ಧಕ್ಕೆ ನಿಂತಿತು. ಇನ್ನೊಮ್ಮೆ ಎರಡೂ ಕೈಯ ತೋರುಬೆರಳು ಸೇರಿಸಿ, ಉಸಿರು ಬಿಗಿಹಿಡಿದು ಎಳೆದಳು. ಟಕ್ ಅಂತು. ಬಂದೂಕಿನ ಮೂತಿ ಅಷ್ಟರಲ್ಲಿ ಗಿಟಾರುಗಳ ಕಡೆ ತಿರುಗಿಹೋಗಿತ್ತು.

"ಸಾಕು. ಇದೇ ಇರಲಿ."

ಇನ್ನೂ ಒಂಬತ್ತು ಬಾಕಿ ಇದೆ ಅಂದೆ. ಕೈ ಪಳಗುತ್ತೆ ಬಿಡು ಅಂದಳು. ಪಳಗುವ ವಯಸ್ಸಲ್ಲ ನಮ್ಮದು, ಆ ಇನ್ನೊಂದನ್ನೇ ತಗೋ, ಜೇಬು ಬೇಕಾದರೆ ನಾನೇ ದೊಡ್ಡದು ಮಾಡಿ ಹೊಲಿದುಕೊಡುತ್ತೇನೆ ಅಂತ ಎಷ್ಟೋ ಹೇಳಿದೆ. ಹೋಬರ್ಟ್ ಮುಂದಿನಿಂದ ಬಂದು, ಗಿರಾಕಿ ಕೇಳಿದ್ದು ಕೊಡೋದು ಬಿಟ್ಟು ಮತ್ತೇನೋ ಮಾರ್ತೀಯಲ್ಲ ಅಂತ ನನಗೇ ಗದರಿದ.

ಸರ್ಕಾರದ ಅರ್ಜಿ ಮುಂದಿಟ್ಟೆ. ಅದರಲ್ಲಿ ಒಂದು ಪ್ರಶ್ನೆ ಇದೆ. ಈ ಬಂದೂಕನ್ನು ನಿಜವಾಗಿ ಕೊಳ್ಳುತ್ತಿರುವವರು ನೀವೇನಾ, ಬೇರೆಯವರಿಗೋಸ್ಕರವಾ ಅಂತ. ಹೌದು, ನಾನೇ ಅನ್ನುವ ಕಡೆ ಅವಳು ಗುರುತು ಹಾಕಿದಳು. ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು ಹಾಕಿದಳು.

"ಗ್ಲೆನ್ನಾ, ಇದು ನಿನಗೇ ತಾನೇ?"

"ಕೋಟು ಯಾರದು?"

"ನಿನ್ನದು," ಅಂದೆ ನಾನು. ಅದು ಬಾಗಿಲಿನದು ಅಂತ ಗೊತ್ತಿದ್ದೂ ಅಂದೆ.

ಜೇಬಿನೊಳಗೆ ಕೂರುವ ಒಂದು ತೊಗಲಿನ ಒರೆಯನ್ನು ನನ್ನ ಲೆಕ್ಕದಲ್ಲಿ ಕೊಟ್ಟೆ. ಆ ಜೇಬಿನಲ್ಲಿ ಬೀಗದ ಕೈ, ಚಿಲ್ಲರೆ, ಕೆಮ್ಮಿನ ಮಿಠಾಯಿ ಏನೂ ಇರಕೂಡದು ಅಂತ ಎರಡೆರಡು ಸಲ ಹೇಳಿದೆ. ಅವಳು ತಲೆಯಾಡಿಸಿ ಹೋದಳು. ಇಪ್ಪತ್ತೆರಡು ವರ್ಷದಲ್ಲಿ ಜೇಬಿನ ಬಗ್ಗೆ ನಾನು ಕೇಳದ ಪ್ರಶ್ನೆ ಇಲ್ಲ ಅಂದುಕೊಂಡಿದ್ದೆ.

ಹತ್ತು ದಿನದ ಮೇಲೆ ಮೊದಲ ಇಬ್ಬನಿ ಗಟ್ಟಿಯಾಗಿ ಬಿತ್ತು. ಬೆಳಿಗ್ಗೆ ನನ್ನ ಪಿಕಪ್ ಟ್ರಕ್ಕಿನ ಗಾಜಿನ ಮೇಲಿನ ಮಂಜು ಕೆರೆದುಕೊಂಡು ಹಾಲು ತರಲು ಹೋದೆ. ಗ್ಲೆನ್ನಾ ದಿನಸಿ ಅಂಗಡಿಯ ಮುಂದೆ ಕಾರಿಗೆ ಸಾಮಾನು ತುಂಬುತ್ತಿದ್ದಳು. ಮೈಮೇಲೆ ಕುಂಬಳಕಾಯಿ ಚಿತ್ರದ ತೆಳು ಸ್ವೆಟರು. ತುಟಿ ನೀಲಿ.

"ಕೋಟೆಲ್ಲೇ?"

"ಕಾರಲ್ಲಿ ಹೀಟರ್ ಇದ್ಯಲ್ಲ ಕಣೇ," ಅಂದಳು, ನನ್ನ ಮುಖ ನೋಡದೆ.

ಮುಂದಿನ ವಾರವೂ ಅದೇ ಸ್ವೆಟರು. ಅದರ ಮುಂದಿನ ವಾರವೂ. ಬೆಳಗಿನ ಐದಕ್ಕೆ ಕಣಿವೆ ಕಣಿವೆ ಸುತ್ತುವ ಹೆಂಗಸು, ನವೆಂಬರ್ ಚಳಿಯಲ್ಲಿ ಕೋಟನ್ನು ಮನೆಯಲ್ಲಿ ಬಿಟ್ಟು ಬರುತ್ತಿದ್ದಾಳೆ ಅಂದರೆ ಅದರ ಅರ್ಥ ಹೇಳುವುದಕ್ಕೆ ಬುದ್ಧಿವಂತರು ಬೇಕಾಗಿರಲಿಲ್ಲ. ಎರಡು ಬೆರಳು ಸೇರಿದರೂ ಸರಿಯಾಗಿ ಎಳೆಯಲಾಗದ ಟ್ರಿಗರನ್ನು ಅವಳು ಯಾಕೆ ಆರಿಸಿಕೊಂಡಳು ಅಂತಲೂ ಆಗ ಹೊಳೆಯಿತು. ಅವಳು ತನ್ನ ಬೆರಳಿಗೆ ಆರಿಸಿಯೇ ಇರಲಿಲ್ಲ. ಮೂವತ್ತು ವಯಸ್ಸಿನ ಮಗಳ ಗಟ್ಟಿ ಬೆರಳಿಗೆ, ಯಾರ ಕಣ್ಣಿಗೂ ಬೀಳದ ಜೇಬಿಗೆ ಆರಿಸಿದ್ದಳು. ನನಗೆ ಗೊತ್ತಾಯಿತು. ಗೊತ್ತಾಗಿ ಏನು ಮಾಡಿದೆ? ಹಾಲು ಕೊಂಡು ಮನೆಗೆ ಹೋದೆ.

ನವೆಂಬರ್ ಎರಡನೆಯ ಶನಿವಾರ ನಮ್ಮಲ್ಲಿ ಬಂದೂಕಿನ ಜಿಂಕೆಬೇಟೆ ಶುರು. ಅವತ್ತು ಬೆಳಕು ಹರಿಯುತ್ತಿದ್ದ ಹಾಗೆ ಬೆಟ್ಟದಿಂದ ಬೆಟ್ಟಕ್ಕೆ ಗುಂಡಿನ ಸದ್ದು, ಹಬ್ಬದ ಪಟಾಕಿಯ ಹಾಗೆ. ಗಂಡಸರೆಲ್ಲ ಕಿತ್ತಳೆ ಬಣ್ಣದ ಅಂಗಿಯಲ್ಲಿ ಕಾಡಿನೊಳಗೆ. ಆ ಬಣ್ಣದಲ್ಲಿರುವವನನ್ನು ಯಾರ ಹಿತ್ತಲಲ್ಲಿ ಕಂಡರೂ ಅವತ್ತು ಯಾರೂ ಯಾಕೆ ಅನ್ನುವುದಿಲ್ಲ.

ಜಾರೆಡ್ ಅದೇ ಅಂಗಿ ಹಾಕಿಕೊಂಡು ಹಳ್ಳದ ಕಡೆಯಿಂದ ಬಂದ. ಆಚೆ ಮನೆಯ ಮುದುಕಿ ಅಡುಗೆಮನೆಯ ಕಿಟಕಿಯಿಂದ ಕಿತ್ತಳೆ ಬಣ್ಣ ನೋಡಿದಳು. ಯಾರೋ ಗಾಯಗೊಂಡ ಜಿಂಕೆಯ ಜಾಡು ಹಿಡಿದಿದ್ದಾರೆ ಅಂದುಕೊಂಡು ಬೆಳಗಿನ ತಿಂಡಿಯ ಬಿಸ್ಕಿಟ್ ರೊಟ್ಟಿಯ ಹಿಟ್ಟು ಲಟ್ಟಿಸುವುದಕ್ಕೆ ತಿರುಗಿದಳು. ಟೆಸ್ಸಾ ನಾಯಿಯ ತಟ್ಟೆ ಹಿಡಿದು ಹಿಂಬಾಗಿಲಿಂದ ಇಳಿದಿದ್ದಳು, ಮೊಳೆಯ ಕೋಟು ಏರಿಸಿಕೊಂಡು. ಅವನ ಕೈಯಲ್ಲಿದ್ದದ್ದು ಬಂದೂಕಲ್ಲ, ಜಿಂಕೆ ಸುಲಿಯುವ ಚಾಕು. ಅವಳ ಕುತ್ತಿಗೆಯ ಮೇಲೆ ಆ ಚಾಕು ಬರೆದ ಗೆರೆ ಇವತ್ತಿಗೂ ಇದೆ.

ಎರಡು ಗುಂಡು. ಮುದುಕಿ ಅದನ್ನೂ ಕೇಳಿಸಿಕೊಂಡಳು. ಗಂಡನಿಗೆ, ಯಾರಿಗೋ ಜಿಂಕೆ ಬಿತ್ತು ನೋಡಿ ಅಂದಳಂತೆ.

ಯಾರೂ ಬರಲಿಲ್ಲ. ಜಾರೆಡ್ ಹಿತ್ತಲಲ್ಲಿ ಸತ್ತು ಬಿದ್ದಿದ್ದ, ಟೆಸ್ಸಾ ಮೆಟ್ಟಿಲ ಮೇಲೆ ನಲವತ್ತು ನಿಮಿಷ ಕೂತಿದ್ದಳು. ಆಮೇಲೆ ಒಳಗೆ ಹೋಗಿ ಫೋನ್ ಮಾಡಿದ್ದು ಶೆರಿಫ್‌ಗಲ್ಲ, ಅಮ್ಮನಿಗೆ. ಗ್ಲೆನ್ನಾ ಆಗ ಹದಿನಾಲ್ಕು ಮೈಲಿ ಆಚೆ ಒಬ್ಬ ಮುದುಕನ ಬೆನ್ನು ಒರೆಸುತ್ತಿದ್ದಳು. ಅವನಿಗೆ ಅಂಗಿ ತೊಡಿಸಿ, ಹೊದಿಸಿ, ಆಮೇಲೆ ಹೊರಟಳು. ಒದ್ದೆ ಮೈಯವನನ್ನು ಚಳಿಯಲ್ಲಿ ಹಾಗೇ ಬಿಟ್ಟು ಬರೋಕಾಗುತ್ತಾ ಅಂತ ಆಮೇಲೆ ನನ್ನನ್ನೇ ಕೇಳಿದಳು.

ನಮ್ಮ ಕೌಂಟಿಯವರು ಆ ಕೇಸನ್ನು ಜಾಸ್ತಿ ಎಳೆಯಲಿಲ್ಲ. ಕೇಸು ನಡೆಸಬೇಕೋ ಬೇಡವೋ ಅಂತ ತೀರ್ಮಾನಿಸುವ ಜ್ಯೂರಿಯಲ್ಲಿ ಕೂತ ಹನ್ನೆರಡು ಜನಕ್ಕೂ ಟೆಸ್ಸಾಳ ದವಡೆ ಗೊತ್ತಿತ್ತು. ಇಪ್ಪತ್ತು ನಿಮಿಷದಲ್ಲಿ, ಜೀವ ಉಳಿಸಿಕೊಳ್ಳಲು ಹೊಡೆದಳು, ತಪ್ಪಿಲ್ಲ ಅಂದರು. ಚರ್ಚಿನ ಹೆಂಗಸರು ಹುರುಳಿಕಾಯಿ ಪಲ್ಯ, ಮೆಕ್ಕೆಜೋಳದ ರೊಟ್ಟಿ ತಂದು ಅವರ ಫ್ರಿಜ್ಜು ತುಂಬಿಸಿದರು. ಮುಗಿಯಿತು ಅಂದುಕೊಂಡೆವು. ಆದರೆ ಕೊಲೆಯ ವಿಚಾರ ಕೌಂಟಿಯದು, ಅರ್ಜಿಯ ವಿಚಾರ ದೇಶದ ಸರ್ಕಾರದ್ದು. ಮುಟ್ಟಬಾರದವಳ ಕೈಗೆ ಬಂದೂಕು ಹೇಗೆ ಬಂತು? ಅಮ್ಮನ ಬಂದೂಕು ಕೋಟಿನಲ್ಲಿ ಅಕಸ್ಮಾತ್ತಾಗಿ ಸಿಕ್ಕಿತು ಅಂದರೆ ಯಾರಿಗೂ ತೊಂದರೆ ಇಲ್ಲ. ಮಗಳಿಗೆಂದೇ ಅಮ್ಮ ಕೊಂಡಳು ಅಂದರೆ, ಅರ್ಜಿಯಲ್ಲಿ ಸುಳ್ಳು ಬರೆದದ್ದಕ್ಕೆ ಅಮ್ಮನಿಗೆ ಜೈಲು, ಇಟ್ಟುಕೊಂಡದ್ದಕ್ಕೆ ಮಗಳಿಗೂ ಜೈಲು.

ಡಿಸೆಂಬರ್ ಮೊದಲಲ್ಲಿ ಆ ಸರ್ಕಾರದ ಒಬ್ಬ ಅಧಿಕಾರಿ ಅಂಗಡಿಗೆ ಬಂದ. ವಿಟೇಕರ್ ಅಂತ ಹೆಸರು. ಬಾಗಿಲಲ್ಲಿ ಬೂಟು ಒರೆಸಿಕೊಂಡು ಒಳಗೆ ಬಂದದ್ದು ನೋಡಿಯೇ ನನಗೆ ಭಯವಾಯಿತು. ಜೋರು ಮಾಡುವವರನ್ನು ನಾನು ನಿಭಾಯಿಸಬಲ್ಲೆ. ಇವನು ಹೋಬರ್ಟನ ನಾಯಿಯ ಹೆಸರು ಕೇಳಿದ, ಕಾಫಿ ಚೆನ್ನಾಗಿದೆ ಅಂದ. ಅದು ಚೆನ್ನಾಗಿರಲಿಲ್ಲ. ಅರ್ಜಿ ನೋಡಿದ. ಆಮೇಲೆ, ನಿಮ್ಮ ಜೇಬಿನ ಪದ್ಧತಿಯ ಬಗ್ಗೆ ಊರಲ್ಲಿ ಕೇಳಿದೆ, ತುಂಬ ಒಳ್ಳೆಯ ಪದ್ಧತಿ ಅಂದ.

"ಟ್ರಿಗರ್ ಹತ್ತು ಸಲ ಎಳೆಸ್ತೀರಂತಲ್ಲ, ಮೇಡಂ. ಇವರೂ ಎಳೆದರಾ?"

"ಎಳೆದಳು," ಅಂದೆ. "ಹತ್ತು ಸಲ."

ಅರ್ಲಿಸ್ ತನ್ನ ಲೋಟದ ತಳ ನೋಡುತ್ತ ಕೂತಿದ್ದ. ವಿಟೇಕರ್ ಅವನ ಕಡೆ ತಿರುಗಿ, ತಾವೂ ಅವತ್ತು ಇಲ್ಲೇ ಇದ್ದಿರಾ ಅಂತ ಕೇಳಿದ. ಅರ್ಲಿಸ್ ಕಿವಿಯ ಹತ್ತಿರ ಬೆರಳಾಡಿಸಿ, ಗಣಿಯ ಸದ್ದಿಗೆ ಕಿವಿ ಹೋಗಿದೆ, ಏನೂ ಕೇಳಲ್ಲ ಅಂದ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನಿಗೆ ಅಭಿಪ್ರಾಯ ಇರಲಿಲ್ಲ.

ಎರಡು ವಾರ ಬಿಟ್ಟು ಒಂದು ಗುರುವಾರ ಕೋರ್ಟಿನ ಕಟ್ಟಡಕ್ಕೆ ಬರಬೇಕು ಅಂತ ಗ್ಲೆನ್ನಾಳಿಗೆ ಹೇಳಿದ್ದರು, ಸುಮ್ಮನೆ ಮಾತಾಡುವುದಕ್ಕೆ ಅಂತ. ವಕೀಲನನ್ನು ಹಿಡಿ ಅಂದೆ. ವಕೀಲನ ಜೊತೆ ಹೋದರೆ ತಪ್ಪು ಮಾಡಿದೋಳು ಅಂದ್ಕೋತಾರೆ ಅಂದಳು. ನಮ್ಮೂರಿನಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ. ನಾನು ವಾದಿಸಲಿಲ್ಲ, ಯಾಕೆಂದರೆ ನನ್ನ ತಲೆಯಲ್ಲಿ ಬೇರೆಯೇ ಭಯ ಇತ್ತು. ಆ ಬಂದೂಕನ್ನು ಅವಳ ಮುಂದೆ ಇಟ್ಟು, ನಿಮ್ಮದೇ ಆದರೆ ಎಳೆದು ತೋರಿಸಿ ಅಂದರೆ?

ಭಾನುವಾರ ಚರ್ಚು ಮುಗಿದ ಮೇಲೆ ಹೋಬರ್ಟನಿಂದ ಕೀಲಿ ಕೇಳಿ ತಗೊಂಡೆ. ಯಾಕೆ ಅಂತ ಅವನು ಕೇಳಲಿಲ್ಲ. ಮುಚ್ಚಿದ ಅಂಗಡಿಯಲ್ಲಿ ನಾವಿಬ್ಬರೂ ಗಾಜಿನ ಪೆಟ್ಟಿಗೆಯ ಆಚೆ ಈಚೆ ನಿಂತೆವು. ಅದೇ ತಯಾರಿಕೆಯ ಇನ್ನೊಂದು ರಿವಾಲ್ವರನ್ನು ಖಾಲಿ ಮಾಡಿ ಅವಳ ಕೈಗಿಟ್ಟೆ. ಎಳೆದಳು. ಅರ್ಧ. ಇನ್ನೊಮ್ಮೆ. ಅರ್ಧ. ಕೀಲು ಸಡಿಲಾಗಲಿ ಅಂತ ಕರಗಿಸಿದ ಬೆಚ್ಚಗಿನ ಮೇಣದಲ್ಲಿ ಕೈ ಅದ್ದಿಸಿದೆ, ಉಜ್ಜಿದೆ. ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಒಂದು ಡಬ್ಬ ಕೊಟ್ಟು, ದಿನಾ ಟಿವಿ ಮುಂದೆ ಕೂತು ನೂರು ಸಲ ಒತ್ತು ಅಂದೆ. ಒತ್ತಿದಳು, ಇನ್ನೂರು ಸಲ ಒತ್ತಿದಳು.

ಅವಳು ನನ್ನ ಹತ್ತಿರ ಕೂಡ ಬಾಯಿಬಿಟ್ಟು ಒಪ್ಪಿಕೊಳ್ಳಲಿಲ್ಲ. ನಾನೂ ಕೇಳಲಿಲ್ಲ. ಒಮ್ಮೆ ಮಾತ್ರ, ಕೈಯನ್ನು ಮೇಣದಲ್ಲಿಟ್ಟುಕೊಂಡು ಹೇಳಿದಳು: "ಅವನು ಬರೋ ಹೊತ್ತಿಗೆ ನಾನು ಎಲ್ಲೋ ಯಾರದೋ ಅಪ್ಪನ ಬೆನ್ನು ಒರೆಸ್ತಾ ಇರ್ತೀನಿ ಅಂತ ನಂಗೊತ್ತಿತ್ತು, ವೆರ್ನಾ. ಅದೊಂದು ಮಾತ್ರ ನಂಗೆ ಚೆನ್ನಾಗಿ ಗೊತ್ತಿತ್ತು."

ಎರಡನೆಯ ಭಾನುವಾರ ಟ್ರಿಗರ್ ಪೂರ್ತಿ ಬಂತು. ಒಂದೇ ಬೆರಳಲ್ಲಿ. ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಹಲ್ಲು ಕಚ್ಚಿದ್ದಳು. ನಾನು ಎಣಿಸುತ್ತ ಹೋದೆ. ಎರಡು. ಮೂರು. ನಾಲ್ಕಕ್ಕೆ ಕುರ್ಚಿ ಹಿಡಿದುಕೊಂಡಳು. ಐದು.

"ಸಾಕು ಬಿಡೇ," ಅಂದಳು. "ಅದರಲ್ಲಿರೋದೇ ಐದು ಗುಂಡು."

ನಾವು ನಕ್ಕೆವು. ಎಷ್ಟೋ ತಿಂಗಳ ಮೇಲೆ ಅವಳು ನಕ್ಕದ್ದು. ನಾಳೆಯಿಂದ ಕ್ಲಿಪ್ಪು ಬಿಡಬೇಡ, ಗುರುವಾರದವರೆಗೆ ಒತ್ತುತ್ತಿರು ಅಂತ ನಾನೇ ಹೇಳಿ ಕಳಿಸಿದೆ. ಆ ಮಾತು ನೆನಪಾದಾಗಲೆಲ್ಲ ನನ್ನ ನಾಲಿಗೆ ಕಚ್ಚಿಕೊಳ್ಳುವ ಹಾಗಾಗುತ್ತದೆ.

ಗುರುವಾರ ನಾನೇ ಟ್ರಕ್ಕಿನಲ್ಲಿ ಕರೆದುಕೊಂಡು ಹೋದೆ. ಅವಳ ಕೈ ನೋಡಿದೆ. ಬೆರಳುಗಳು ಬೇಯಿಸಿದ ಆಲೂಗಡ್ಡೆಯ ಹಾಗೆ ಊದಿ ಹೊಳೆಯುತ್ತಿದ್ದವು. ಸೀಟಿನ ಬೆಲ್ಟು ನಾನೇ ಹಾಕಿದೆ. ಒಂದು ಸಲ ಎಳೆದರೂ ಸಾಕು, ಹೆದರಬೇಡ ಅಂದೆ. ಅವಳು ಒಳಗೆ ಹೋದಳು. ನಾನು ಹೊರಗೆ ಇಂಜಿನ್ ಆರಿಸದೆ ಕಾದೆ. ಮುಕ್ಕಾಲು ಗಂಟೆ.

ಬಂದವಳು ಬಾಗಿಲು ತೆಗೆಯಲಾಗದೆ ಹೊರಗೇ ನಿಂತಿದ್ದಳು. ಇಳಿದು ಹೋಗಿ ತೆಗೆದೆ. ಬಂದೂಕು ಇಟ್ಟನಾ ಅಂತ ಕೇಳಿದೆ. ಇಲ್ಲ ಅಂದಳು. ಬಂದೂಕಿನ ಮಾತೇ ಜಾಸ್ತಿ ಬರಲಿಲ್ಲವಂತೆ. ಮುದುಕರ ಬಗ್ಗೆ ಕೇಳಿದ, ಗಂಡ ವರ್ಜಿಲನ ಕೊನೆಗಾಲದ ಕೆಮ್ಮಿನ ಬಗ್ಗೆ ಕೇಳಿದ, ತನ್ನ ತಾಯಿಯನ್ನೂ ನಿಮ್ಮಂಥವರೇ ನೋಡಿಕೊಂಡರು ಅಂದ. ಕೋಟು ದಿನಾ ನೀವೇ ಹಾಕಿಕೊಂಡು ಹೋಗುತ್ತಿದ್ದಿರಾ ಅಂತ ಒಮ್ಮೆ ಕೇಳಿದ, ಹೌದು ಅಂದಳು. ಅವನು ಬರೆದುಕೊಂಡ. ಮಾತಾಡಿ ಗಂಟಲು ಒಣಗಿರಬೇಕು ಅಂತ ಒಂದು ಹೊಸ ನೀರಿನ ಬಾಟಲಿ ಅವಳ ಮುಂದೆ ಇಟ್ಟ.

"ಮುಚ್ಚಳ ತಿರುಗಲಿಲ್ಲ ಕಣೇ," ಅಂದಳು. "ತಿರುಗಿಸಿದೆ, ಸ್ವೆಟರ್ ಅಂಚಲ್ಲಿ ಹಿಡಿದು ತಿರುಗಿಸಿದೆ. ಅವನು ಬರೆಯೋದು ನಿಲ್ಲಿಸಿ ನೋಡ್ತಾ ಕೂತ. ಹಲ್ಲಲ್ಲಿ ಕಚ್ಚೋಣ ಅನ್ನೋಷ್ಟರಲ್ಲಿ ಅವನೇ ತಗೊಂಡು, ತೆಗೆದು, ನನ್ನ ಮುಂದೆ ಇಟ್ಟ. ನಿಮ್ಮ ಕೈ ತುಂಬಾ ನೋಯ್ತಿರಬೇಕು ಮೇಡಂ, ಅಂದ. ಅಷ್ಟೇ. ಪುಸ್ತಕ ಮುಚ್ಚಿದ."

ಕ್ರಿಸ್‌ಮಸ್ ಆದ ಮೇಲೆ ಸರ್ಕಾರವೇ ಕೊಟ್ಟ ವಕೀಲ ಒಂದು ಒಪ್ಪಂದ ತಂದ. ಸ್ವೆಟರಿನಲ್ಲಿ ಅವಳನ್ನು ಕಂಡವರು ನಾನೊಬ್ಬಳೇ ಆಗಿರಲಿಲ್ಲ. ಮುದುಕರ ಮನೆಯವರು, ಕೇಳಿದ್ದಕ್ಕೆ, ಪಾಪ ಚಳಿಯಲ್ಲಿ ಕೋಟಿಲ್ಲದೆ ಬರುತ್ತಿದ್ದಳು ಅಂತ ಅನುಕಂಪದಿಂದಲೇ ಹೇಳಿದ್ದರು. ಅರ್ಜಿಯಲ್ಲಿ ಸುಳ್ಳು ಬರೆದೆ ಅಂತ ಗ್ಲೆನ್ನಾ ಒಪ್ಪಿದರೆ ಹದಿನೈದು ತಿಂಗಳು. ಜೇಬಿನಲ್ಲಿ ಏನಿದೆ ಅಂತ ಮಗಳಿಗೆ ಗೊತ್ತೇ ಇರಲಿಲ್ಲ ಅಂತ ಬರೆದುಕೊಳ್ಳುತ್ತಾರೆ, ಟೆಸ್ಸಾಳನ್ನು ಮುಟ್ಟುವುದಿಲ್ಲ. ಗ್ಲೆನ್ನಾ ಮುಷ್ಟಿಯಲ್ಲಿ ಪೆನ್ನು ಹಿಡಿದು ಸಹಿ ಹಾಕಿದಳು. ನನ್ನ ಹತ್ತು ಸಲದ ಸುಳ್ಳನ್ನು ಯಾರೂ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು ಅಂತ ಕೆಲವು ಸಲ ಅನ್ನಿಸುತ್ತದೆ.

ಫೆಬ್ರವರಿಯಲ್ಲಿ ಅವಳು ತಾನಾಗಿಯೇ ಹೋಗಿ ಜೈಲಿನ ಬಾಗಿಲಲ್ಲಿ ನಿಲ್ಲಬೇಕಾಗಿತ್ತು. ಪಕ್ಕದ ರಾಜ್ಯ, ನಾಲ್ಕು ಗಂಟೆಯ ದಾರಿ. ಬೆಳಿಗ್ಗೆ ಮನೆಗೆ ಹೋದೆ. ಹಿಂಬಾಗಿಲ ಮೊಳೆ ಖಾಲಿ ಇತ್ತು. ಕಂದು ಕೋಟು ಎಲ್ಲೋ ಸರ್ಕಾರದ ಕಪಾಟಿನಲ್ಲಿ ಸಾಕ್ಷಿಯಾಗಿ ಕೂತಿದೆ. ನನ್ನ ಕೋಟು ಬಿಚ್ಚಿ ಗ್ಲೆನ್ನಾಳಿಗೆ ಹೊದಿಸಲು ಹೋದೆ. ಬೇಡ, ಅಲ್ಲಿ ಕಿತ್ಕೋತಾರೆ, ಮೊಳೆಗೆ ಹಾಕು, ಟೆಸ್ಸಾ ನಾಯಿಗೆ ಹಾಕೋಕೆ ಹೋಗ್ತಾಳೆ ಅಂದಳು. ಹಾಕಿದೆ. ಟೆಸ್ಸಾ ಒಲೆಯ ಹತ್ತಿರ ನಮಗೆ ಬೆನ್ನು ಮಾಡಿ ನಿಂತು, ದಾರಿಗೆ ಅಂತ ಬಿಸ್ಕಿಟ್ ರೊಟ್ಟಿಯ ನಡುವೆ ಮೊಟ್ಟೆ ಇಟ್ಟು ಕಟ್ಟುತ್ತಿದ್ದಳು. ಕಾಗದದಲ್ಲಿ ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತುತ್ತಿದ್ದಳು. "ಮಮ್ಮಾ, ಉಪ್ಪು ಸರಿ ಇದೆಯೋ ಇಲ್ಲವೋ" ಅಂದಳು.

ಅರ್ಧದಾರಿಯಲ್ಲಿ ಪೆಟ್ರೋಲಿಗೆ ನಿಲ್ಲಿಸಿದೆ. ಗ್ಲೆನ್ನಾ ಏನು ಬೇಕು ಅಂದರೂ ಬೇಡ ಅನ್ನುತ್ತಿದ್ದಳು. ಒಂದು ನೀರಿನ ಬಾಟಲಿ ಕೊಂಡೆ. ಕೊಡುವ ಮೊದಲು, ಟ್ರಕ್ಕಿನ ಹೊರಗೇ ನಿಂತು, ಮುಚ್ಚಳದ ಸೀಲು ಒಡೆದು ಸಡಿಲ ಮಾಡಿ ಕೊಟ್ಟೆ. ಅವಳು ಅದನ್ನು ಎರಡೂ ಅಂಗೈಯ ನಡುವೆ ಹಿಡಿದುಕೊಂಡು ಸ್ವಲ್ಪ ಹೊತ್ತು ನೋಡಿದಳು. ಭುಜ ಅಲುಗುವುದು ಕಂಡು ಅಳುತ್ತಿದ್ದಾಳೆ ಅಂದುಕೊಂಡೆ.

"ಅವತ್ತು ಬಾಯಾರಿಕೆ ಇಲ್ಲ ಸಾರ್ ಅಂದಿದ್ರೆ ಆಗ್ತಿತ್ತಲ್ಲೇ," ಅಂದಳು ನಗುತ್ತ. "ಎಲ್ಲಾನೂ ಯೋಚಿಸಿದ್ವಿ ನಾವು."

ನಾನು ಗಾಡಿ ಹೊರಡಿಸಿದೆ. ಅವಳು ನೀರನ್ನೆಲ್ಲ ಕುಡಿದಳು. ಖಾಲಿ ಬಾಟಲಿಯ ಮುಚ್ಚಳವನ್ನು ಜೈಲಿನ ಗೇಟು ಬರುವವರೆಗೂ ತೊಡೆಯ ಮೇಲಿಟ್ಟುಕೊಂಡು, ಹಾಕುವುದು ತೆಗೆಯುವುದು, ಹಾಕುವುದು ತೆಗೆಯುವುದು ಮಾಡುತ್ತ ಕೂತಿದ್ದಳು.